ಇಟ್ಟಿಗೆಯಿಲ್ಲದೆ ಎದ್ದ ಊರು

1993ರ ಫೆಬ್ರುವರಿ 22ರಂದು ಅಮೆರಿಕದ ಟೆಲಿವಿಷನ್ ಪರದೆಯ ಮೇಲೆ ಒಂದು ಊರು ಮೊದಲ ಬಾರಿಗೆ ಕಾಣಿಸಿಕೊಂಡಿತು. ಊರಿನ ಉದ್ದ 5 ಮೈಲಿ, ಅಂದರೆ ಸುಮಾರು 8 ಕಿಲೋಮೀಟರ್. ತೂಕ 25 ಲಕ್ಷ ಟನ್. ನಿವಾಸಿಗಳು ಎರಡೂವರೆ ಲಕ್ಷ. ಅವರಲ್ಲಿ ಮನುಷ್ಯರೂ ಉಂಟು, ಬೇರೆ ಬೇರೆ ನಕ್ಷತ್ರಲೋಕಗಳಿಂದ ಬಂದ ಅನ್ಯಜೀವಿಗಳೂ ಉಂಟು. ಈ ಊರಿಗೆ ನೆಲವೇ ಇಲ್ಲ. ದೂರದ ಒಂದು ಗ್ರಹವನ್ನು ಸುತ್ತುತ್ತ, ತನ್ನ ಅಕ್ಷದ ಮೇಲೆ ತಾನೂ ತಿರುಗುತ್ತಿರುವ ಲೋಹದ ಭಾರೀ ಕೊಳವೆ ಅದು. ಹೆಸರು ‘ಬ್ಯಾಬಿಲಾನ್ 5’. ಅದೇ ಹೆಸರಿನ ವಿಜ್ಞಾನ ಕಥಾ ಧಾರಾವಾಹಿಯ ಕತೆಯೆಲ್ಲ ನಡೆಯುವುದು ಇದರೊಳಗೆ.

ಸಿನಿಮಾ ಮತ್ತು ಟೆಲಿವಿಷನ್ನಿನಲ್ಲಿ ಇಂಥ ಕಲ್ಪನೆಯ ಊರುಗಳು ಅದಕ್ಕೆ ಮೊದಲೂ ಬಂದಿದ್ದವು. 1980ರ ದಶಕದ ಕೊನೆಯ ವರ್ಷಗಳಲ್ಲಿ ದೂರದರ್ಶನ ನೋಡಿದವರಿಗೆ ‘ಸ್ಪೇಸ್ ಸಿಟಿ ಸಿಗ್ಮಾ’ ಎಂಬ ಹಿಂದಿ ಧಾರಾವಾಹಿಯ ನೆನಪಿರಬಹುದು. ಆದರೆ ಬ್ಯಾಬಿಲಾನ್ 5ರ ಹೊರರೂಪವನ್ನು ಕಟ್ಟಲು ಮರ, ಪ್ಲಾಸ್ಟಿಕ್, ಸುಣ್ಣ, ಬಣ್ಣ ಯಾವುದೂ ಬೇಕಾಗಲಿಲ್ಲ. ಅದು ಪೂರ್ತಿಯಾಗಿ ಗಣಕದೊಳಗೆ, ಅಂಕೆಗಳ ರೂಪದಲ್ಲಿ ಇದ್ದ ಊರು. ಮಹಾಭಾರತದ ಮಯ ಕಟ್ಟಿದ ಸಭೆಯಲ್ಲಿ ನೀರು ನೆಲದಂತೆ, ನೆಲ ನೀರಿನಂತೆ ಕಂಡು ದುರ್ಯೋಧನ ಎಡವಿದ. ಅಲ್ಲಿ ಕಣ್ಣಿಗೆ ಭ್ರಮೆ ಹುಟ್ಟಿದರೂ ಕಾಲಡಿ ಏನೋ ಒಂದಿತ್ತು. ಇಲ್ಲಿ ಅದೂ ಇಲ್ಲ.

ಹಾಗಿದ್ದೂ ಲಕ್ಷಾಂತರ ಜನ ಆ ಊರನ್ನು ನಂಬಿದರು. ಐದು ವರ್ಷ ಅದರ ಬೀದಿಗಳಲ್ಲಿ ಓಡಾಡಿದಂತೆ ಭಾವಿಸಿದರು. ಅಂಕೆಗಳಿಂದ ಊರು ಕಟ್ಟುವುದು ಹೇಗೆ, ಅದಕ್ಕೆ ಬುನಾದಿ ಹಾಕಿದವರು ಯಾರು, ಕಟ್ಟಿದ ಊರು ಕೊನೆಗೆ ಏನಾಯಿತು ಎಂಬುದು ಕುತೂಹಲದ ಕತೆ. ಅದರಲ್ಲಿ ಸ್ವಲ್ಪ ವಿಷಾದವೂ ಬೆರೆತಿದೆ.

ಕನ್ನಡಿ ಮತ್ತು ಹಿತ್ತಾಳೆ

ಮೊದಲು ಕೈಯಿಂದ ಕಟ್ಟಿದ ಊರುಗಳನ್ನು ನೋಡಬೇಕು. 1927ರ ಜನವರಿಯಲ್ಲಿ ಬರ್ಲಿನ್ನಿನಲ್ಲಿ ತೆರೆಕಂಡ ‘ಮೆಟ್ರೊಪೊಲಿಸ್’ ಈ ಪರಂಪರೆಯ ಆದಿಗ್ರಂಥ ಎನ್ನಬಹುದಾದ ಚಿತ್ರ. ನಿರ್ದೇಶಕ ಫ್ರಿಟ್ಜ್ ಲಾಂಗ್. ಮೇಲೆ ಮೋಡ ಮುಟ್ಟುವ ಕಟ್ಟಡಗಳು, ಅವುಗಳ ನಡುವೆ ‘ಹೊಸ ಬೇಬಲ್ ಗೋಪುರ’, ನೆಲದಡಿಯಲ್ಲಿ ದುಡಿಯುವವರ ಕೇರಿ: ಇದು ಆ ನಗರದ ವಿನ್ಯಾಸ. ಎರಿಕ್ ಕೆಟಲ್‌ಹುಟ್, ಒಟ್ಟೊ ಹುಂಟೆ, ಕಾರ್ಲ್ ಫೋಲ್‌ಬ್ರೆಕ್ಟ್ ಎಂಬ ಕಲಾನಿರ್ದೇಶಕರು ಅದರ ಪುಟ್ಟ ಮಾದರಿಗಳನ್ನು ಕಟ್ಟಿದರು. ಬೀದಿಯ ಆಟಿಕೆ ಕಾರುಗಳನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಚಿತ್ರ ತೆಗೆಯುವುದು, ಮತ್ತೆ ಸರಿಸುವುದು. ತೆರೆಯ ಮೇಲೆ ಕೆಲವೇ ಕ್ಷಣದಲ್ಲಿ ಹಾದುಹೋಗುವ ದೃಶ್ಯಕ್ಕೆ ದಿನಗಟ್ಟಲೆ ಇದೇ ಕೆಲಸ.

ಮಾದರಿಯೊಳಗೆ ಜೀವಂತ ನಟರನ್ನು ನಿಲ್ಲಿಸಲು ಛಾಯಾಗ್ರಾಹಕ ಯೂಜೆನ್ ಶುಫ್ಟನ್ ಒಂದು ಉಪಾಯ ಹೂಡಿದ. ಕ್ಯಾಮೆರಾದ ಮುಂದೆ ಓರೆಯಾಗಿ ಕನ್ನಡಿ ಇಟ್ಟು ಅದರಲ್ಲಿ ಮಾದರಿಯ ಪ್ರತಿಬಿಂಬ ಕಾಣುವಂತೆ ಮಾಡಿದ. ನಟರು ಎಲ್ಲಿ ಕಾಣಬೇಕೋ ಅಲ್ಲಿ ಮಾತ್ರ ಕನ್ನಡಿಯ ಬೆಳ್ಳಿಲೇಪ ಕೆರೆದು ತೆಗೆದ. ಕೆರೆದ ಗಾಜಿನ ಮೂಲಕ ದೂರದಲ್ಲಿ ನಿಂತ ನಟರು, ಉಳಿದ ಕನ್ನಡಿಯಲ್ಲಿ ಪುಟ್ಟ ಮಾದರಿ. ಎರಡೂ ಒಂದೇ ಫಿಲ್ಮಿನಲ್ಲಿ ಕೂಡಿಕೊಂಡು ಮಹಾನಗರವಾಯಿತು.

ಈ ಕರಕುಶಲ ಪರಂಪರೆಯ ಇನ್ನೊಂದು ಶಿಖರ 1982ರ ‘ಬ್ಲೇಡ್ ರನ್ನರ್’. ಅದರ ಆರಂಭದಲ್ಲಿ ದಿಗಂತದವರೆಗೆ ಹಬ್ಬಿದ ಲಾಸ್ ಏಂಜಲೀಸ್ ನಗರ ಕಾಣುತ್ತದೆ. ಕೊರೆದ ಹಿತ್ತಾಳೆ ತಗಡಿನ ಕಟ್ಟಡಗಳನ್ನು ಸಾಲುಸಾಲಾಗಿ ನಿಲ್ಲಿಸಿ, ಸಣ್ಣ ದೀಪಗಳಿಂದ ಹಿಂದಿನಿಂದ ಬೆಳಕು ಹಾಯಿಸಿ, ಕೋಣೆಯಲ್ಲಿ ಹೊಗೆ ತುಂಬಿ ತೆಗೆದ ದೃಶ್ಯ ಅದು. ಹಿಂದಿನ ಸಾಲಿಗೆ ಹೋದಂತೆ ಕಟ್ಟಡಗಳನ್ನು ಚಿಕ್ಕದಾಗಿಸಿದ್ದರಿಂದ ಮೇಜಿನಷ್ಟು ಜಾಗ ಹರದಾರಿಗಟ್ಟಲೆ ಉದ್ದವಾಗಿ ಕಂಡಿತು.

ಇಂಥ ಕೆಲಸಕ್ಕೆ ಹಣ, ಜಾಗ, ಜನ, ಕಾಲ ನಾಲ್ಕೂ ಬೇಕು. ದೊಡ್ಡ ಸಿನಿಮಾ ಕಂಪನಿಗಳಿಗೆ ಮಾತ್ರ ಇದು ಸಾಧ್ಯವಿತ್ತು. ವಾರಕ್ಕೊಂದು ಕಂತು ಕೊಡಬೇಕಾದ ಟೆಲಿವಿಷನ್ ಧಾರಾವಾಹಿಗೆ ಇದು ಎಟುಕದ ಹಣ್ಣಾಗಿತ್ತು.

ವಿಜ್ಞಾನಿಗಳು ಹಾಕಿದ ಬುನಾದಿ

ಇತ್ತ ಕಲಾವಿದರು ಹೀಗೆ ಮಾದರಿ ಕಟ್ಟುತ್ತಿದ್ದಾಗ ಅತ್ತ ವಿಜ್ಞಾನಿಗಳು ಕಾಗದದ ಮೇಲೆ ಬಾಹ್ಯಾಕಾಶದ ಊರುಗಳ ನಕ್ಷೆ ಬರೆಯುತ್ತಿದ್ದರು. ರಷ್ಯದ ಶಾಲಾಮೇಷ್ಟರು ಕಾನ್‌ಸ್ಟಾಂಟಿನ್ ಸಿಯೊಲ್ಕೊವ್‌ಸ್ಕಿ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಬಾಹ್ಯಾಕಾಶದಲ್ಲಿ ತಿರುಗುವ ಮನೆ, ಅದರೊಳಗೆ ಗಿಡ ಬೆಳೆಸುವ ಗಾಜಿನ ತೋಟ ಇವುಗಳ ಬಗ್ಗೆ ಬರೆದಿದ್ದರು. 1929ರಲ್ಲಿ ಬ್ರಿಟಿಷ್ ವಿಜ್ಞಾನಿ ಜೆ. ಡಿ. ಬರ್ನಾಲ್ 16 ಕಿಲೋಮೀಟರ್ ವ್ಯಾಸದ ಟೊಳ್ಳು ಗೋಳವೊಂದರಲ್ಲಿ 20ರಿಂದ 30 ಸಾವಿರ ಜನ ಬದುಕಬಹುದೆಂದು ಊಹಿಸಿದರು.

ಈ ಊಹೆಗಳಿಗೆ ಇಂಜಿನಿಯರಿಂಗ್ ಲೆಕ್ಕದ ಬೆನ್ನೆಲುಬು ಕೊಟ್ಟವರು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಭೌತವಿಜ್ಞಾನ ಪ್ರಾಧ್ಯಾಪಕ ಜೆರಾರ್ಡ್ ಓನೀಲ್. 1974ರಲ್ಲಿ ‘ಫಿಸಿಕ್ಸ್ ಟುಡೇ’ ಪತ್ರಿಕೆಯಲ್ಲಿ ಅವರ ಲೇಖನ ಪ್ರಕಟವಾಯಿತು. ಮರುವರ್ಷ ಬೇಸಿಗೆಯಲ್ಲಿ ನಾಸಾದ ಏಮ್ಸ್ ಕೇಂದ್ರದಲ್ಲಿ ವಿಜ್ಞಾನಿಗಳು, ಇಂಜಿನಿಯರುಗಳು ಮತ್ತು ಸಮಾಜಶಾಸ್ತ್ರಜ್ಞರು ಹತ್ತು ವಾರ ಕೂಡಿ ಕುಳಿತು 10,000 ಜನರ ಊರೊಂದನ್ನು ಲೆಕ್ಕಹಾಕಿದರು. ಅದರ ಆಕಾರ ಕೈಬಳೆಯಂತೆ. ವ್ಯಾಸ ಸುಮಾರು 1.8 ಕಿಲೋಮೀಟರ್.

ಲೆಕ್ಕದ ಮೂಲ ಪ್ರಶ್ನೆ ಒಂದೇ: ಭೂಮಿಯಿಲ್ಲದ ಕಡೆ ಕಾಲು ನೆಲಕ್ಕೆ ಊರುವುದು ಹೇಗೆ? ನೀರು ತುಂಬಿದ ತಂಬಿಗೆಗೆ ಹಗ್ಗ ಕಟ್ಟಿ ಬೀಸಿ ತಿರುಗಿಸಿದರೆ ತಂಬಿಗೆ ತಲೆಕೆಳಗಾದಾಗಲೂ ನೀರು ಚೆಲ್ಲುವುದಿಲ್ಲ. ಅದೇ ತತ್ತ್ವ ಇಲ್ಲಿಯೂ. ಊರನ್ನೇ ತಿರುಗಿಸಿದರೆ ಒಳಗಿರುವವರು ಹೊರಗೋಡೆಯತ್ತ ಒತ್ತಲ್ಪಡುತ್ತಾರೆ. ಆ ಗೋಡೆಯೇ ಅವರಿಗೆ ನೆಲ. ಆದರೆ ಊರು ಚಿಕ್ಕದಾದಷ್ಟೂ ಬೇಗ ಬೇಗ ತಿರುಗಬೇಕು, ಬೇಗ ತಿರುಗಿದರೆ ಒಳಗಿನವರಿಗೆ ತಲೆಸುತ್ತು. ಆದ್ದರಿಂದ ನಿಮಿಷಕ್ಕೊಂದು ಸುತ್ತು ಎಂದು ತಜ್ಞರು ಮಿತಿ ಹಾಕಿಕೊಂಡರು. ನಿಮಿಷಕ್ಕೊಂದು ಸುತ್ತಿನಲ್ಲಿ ಭೂಮಿಯಷ್ಟೇ ಭಾರ ಅನುಭವಕ್ಕೆ ಬರಬೇಕಾದರೆ ತ್ರಿಜ್ಯ ಸುಮಾರು 895 ಮೀಟರ್ ಇರಬೇಕು. ಬಳೆಯ ಅಳತೆ ಬಂದದ್ದು ಹೀಗೆ. ಯಾರ ಸೌಂದರ್ಯದೃಷ್ಟಿಯೂ ಅದನ್ನು ತೀರ್ಮಾನಿಸಲಿಲ್ಲ.

ಓನೀಲರ ದೊಡ್ಡ ಕನಸು ಜೋಡಿ ಕೊಳವೆಗಳದು. ಒಂದೊಂದರ ವ್ಯಾಸ 6.4 ಕಿಲೋಮೀಟರ್, ಉದ್ದ 32 ಕಿಲೋಮೀಟರ್. ಎರಡು ನಿಮಿಷಕ್ಕೆ ಸ್ವಲ್ಪ ಕಡಿಮೆ ಸಮಯದಲ್ಲಿ ಒಂದು ಸುತ್ತು. ಕೊಳವೆಯ ಒಳಮೈಯಲ್ಲಿ ಮೂರು ಪಟ್ಟಿ ನೆಲ, ಮೂರು ಪಟ್ಟಿ ಕಿಟಕಿ. ಕಿಟಕಿಗಳ ಮೂಲಕ ಬಿಸಿಲು ಕಳಿಸಲು ಹೊರಗೆ ಬೃಹತ್ ಕನ್ನಡಿಗಳು. ಅಂಥ ಊರಿನಲ್ಲಿ ನಿಂತವನು ಕತ್ತೆತ್ತಿದರೆ ಮೋಡಗಳ ಆಚೆ ಇನ್ನೊಬ್ಬರ ಹೊಲ ತಲೆಕೆಳಗಾಗಿ ಕಾಣುತ್ತದೆ. ನಾಸಾಕ್ಕಾಗಿ ರಿಕ್ ಗೈಡಿಸ್ ಮತ್ತು ಡಾನ್ ಡೇವಿಸ್ ಬಿಡಿಸಿದ ಈ ಊರುಗಳ ವರ್ಣಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅಚ್ಚಾದವು.

ನಾಸಾ ಊರನ್ನು ಕಟ್ಟಲಿಲ್ಲ. ಗೋಡೆಯ ಹೊರಗೆ ವಿಕಿರಣ ತಡೆಯಲು ಬೇಕಾದ ಹೊದಿಕೆಯೇ ಸುಮಾರು ಒಂದು ಕೋಟಿ ಟನ್. ಅದನ್ನು ಚಂದ್ರನಿಂದ ಅಗೆದು ತರಬೇಕು. ಯಾವ ಸರಕಾರವೂ ಅಷ್ಟು ಹಣ ಕೊಡಲು ಮುಂದೆ ಬರಲಿಲ್ಲ. ಆದರೆ ಲೆಕ್ಕ ಹಾಳಾಗಲಿಲ್ಲ. ಇಂಜಿನಿಯರುಗಳು ಕೈಬಿಟ್ಟ ನಕ್ಷೆಯನ್ನು ಕತೆಗಾರರು ಎತ್ತಿಕೊಂಡರು. ಬ್ಯಾಬಿಲಾನ್ 5 ಓನೀಲರ ಕೊಳವೆಯ ವಂಶಕ್ಕೆ ಸೇರಿದ ಊರು.

ಅಂಕೆ ಆಕಾರವಾದದ್ದು

ಗಣಕಕ್ಕೆ ಆಕಾರ ಕಲಿಸಿದ್ದು ಬೇರೊಂದು ಸಾಲಿನ ಸಾಧನೆ. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್ಲೆಂಡ್ ಎಂಬ ಸಂಶೋಧಕ ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಗೆರೆ ಎಳೆದು ಚಿತ್ರ ರಚಿಸುವ ಕ್ರಮವಿಧಿಯನ್ನು ರೂಪಿಸಿದರು. 1975ರಲ್ಲಿ ಯೂಟಾ ವಿಶ್ವವಿದ್ಯಾಲಯದ ಮಾರ್ಟಿನ್ ನ್ಯೂವೆಲ್ ತಮ್ಮ ಮನೆಯ ಚಹಾ ಕುಡಿಕೆಯ ವಕ್ರರೇಖೆಗಳನ್ನು ಅಂಕೆಗಳಾಗಿ ಬರೆದರು. ಬೆಳಕು, ನೆರಳು, ಹೊಳಪುಗಳನ್ನು ಪರೀಕ್ಷಿಸಲು ಒಂದು ಒಳ್ಳೆಯ ವಸ್ತು ಬೇಕಾಗಿತ್ತು, ಅಷ್ಟೇ. ಆ ಅಂಕೆಗಳನ್ನು ಅವರು ಇತರರಿಗೂ ಕೊಟ್ಟರು. ಚಹಾ ಕುಡಿಕೆ ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಹೋಗಿ, ಗಣಕಚಿತ್ರ ಕಲಿಯುವ ಎಲ್ಲರ ಓಂಕಾರವಾಯಿತು.

ತತ್ತ್ವ ಸರಳ. ಬಿಂದುವೊಂದು ಎಲ್ಲಿದೆ ಎಂದು ಹೇಳಲು ಮೂರು ಅಂಕೆ ಸಾಕು: ಅಡ್ಡ, ಉದ್ದ, ಎತ್ತರ. ಕೆಲವು ಬಿಂದುಗಳನ್ನು ಗೆರೆಯಿಂದ ಸೇರಿಸಿದರೆ ತ್ರಿಕೋನ ಅಥವಾ ಚತುಷ್ಕೋನದ ಒಂದು ಹಲಗೆ. ಸಾವಿರಾರು ಹಲಗೆ ಹೊಂದಿಸಿದರೆ ಒಂದು ಮೈ. ಆ ಮೈಗೆ ಬಣ್ಣ ಮತ್ತು ಒರಟುತನ ಹೇಳಿ, ದೀಪ ಎಲ್ಲಿದೆ, ಕ್ಯಾಮೆರಾ ಎಲ್ಲಿದೆ ಎಂದು ತಿಳಿಸಿದರೆ ಯಾವ ಚುಕ್ಕೆಗೆ ಎಷ್ಟು ಬೆಳಕು ಬೀಳುತ್ತದೆ ಎಂಬುದನ್ನು ಗಣಕ ಲೆಕ್ಕ ಮಾಡಿ ಚಿತ್ರ ಬಿಡಿಸುತ್ತದೆ. ಈ ಕೊನೆಯ ಹಂತಕ್ಕೆ ಕಸುಬಿನವರು ‘ರೆಂಡರಿಂಗ್’ ಎನ್ನುತ್ತಾರೆ.

ಕಷ್ಟ ಇದ್ದುದು ಲೆಕ್ಕದ ಪ್ರಮಾಣದಲ್ಲಿ. 1984ರ ‘ದಿ ಲಾಸ್ಟ್ ಸ್ಟಾರ್‌ಫೈಟರ್’ ಚಿತ್ರದ ಆಕಾಶನೌಕೆಗಳನ್ನು ಗಣಕದಲ್ಲೇ ರಚಿಸಲಾಯಿತು; ಅದಕ್ಕೆ ಆ ಕಾಲದ ಅತಿ ವೇಗದ ಯಂತ್ರಗಳಲ್ಲಿ ಒಂದಾದ ಕ್ರೇ ಸೂಪರ್ ಕಂಪ್ಯೂಟರ್ ಬೇಕಾಯಿತು. ಟೆಲಿವಿಷನ್ ಧಾರಾವಾಹಿ ಮಾಡುವವರು ಅಂಥ ಯಂತ್ರವನ್ನು ಕನಸಿನಲ್ಲೂ ನೆನೆಯುವಂತಿರಲಿಲ್ಲ.

ಮನೆಗಣಕದಲ್ಲಿ ಮಹಾನಗರ

ಬಾಗಿಲು ತೆರೆದದ್ದು 1990ರಲ್ಲಿ. ಕಾನ್ಸಾಸ್ ರಾಜ್ಯದ ನ್ಯೂಟೆಕ್ ಎಂಬ ಸಣ್ಣ ಕಂಪನಿ ‘ವಿಡಿಯೋ ಟೋಸ್ಟರ್’ ಎಂಬ ಉಪಕರಣವನ್ನು ಮಾರುಕಟ್ಟೆಗೆ ತಂದಿತು. ಕಮೊಡೋರ್ ಕಂಪನಿಯ ‘ಅಮಿಗಾ’ ಎಂಬ ಮನೆಬಳಕೆಯ ಗಣಕಕ್ಕೆ ಅದನ್ನು ಸಿಕ್ಕಿಸಿದರೆ ಕೆಲವೇ ಸಾವಿರ ಡಾಲರ್ ಖರ್ಚಿನಲ್ಲಿ ಟೆಲಿವಿಷನ್ ಕೇಂದ್ರದ ಕೆಲಸ ಮಾಡಬಹುದಾಗಿತ್ತು. ಅದರ ಜೊತೆಯಲ್ಲೇ ‘ಲೈಟ್‌ವೇವ್’ ಎಂಬ ಮೂರು ಆಯಾಮದ ಮಾದರಿ ಕಟ್ಟುವ ತಂತ್ರಾಂಶವೂ ಬಂತು. ಅದನ್ನು ಬರೆದವರು ಅಲೆನ್ ಹೇಸ್ಟಿಂಗ್ಸ್ ಮತ್ತು ಸ್ಟುವರ್ಟ್ ಫರ್ಗುಸನ್.

ಇದರ ಬೆಲೆ ತಿಳಿದವರು ರಾನ್ ಥಾರ್ನ್‌ಟನ್. ಬ್ರಿಟನ್ನಿನವರಾದ ಥಾರ್ನ್‌ಟನ್ ಬಿಬಿಸಿಯ ವಿಜ್ಞಾನ ಕಥಾ ಧಾರಾವಾಹಿಗಳಿಗೆ ಕೈಯಿಂದ ಮಾದರಿ ಮಾಡಿ ಪಳಗಿದ್ದರು. ಲೇಖಕ ಜೆ. ಮೈಕೆಲ್ ಸ್ಟ್ರಜಿನ್‌ಸ್ಕಿ ಐದು ವರ್ಷದ ಒಂದೇ ದೊಡ್ಡ ಕತೆಯಾಗಿ ಬ್ಯಾಬಿಲಾನ್ 5ನ್ನು ಯೋಜಿಸಿದ್ದರೂ ಅಷ್ಟು ದೊಡ್ಡ ಊರನ್ನು ಕಡಿಮೆ ಹಣದಲ್ಲಿ ತೋರಿಸುವ ಬಗೆ ಯಾವುದೆಂಬ ಪ್ರಶ್ನೆ ಉಳಿದಿತ್ತು. ಅಮಿಗಾ ಗಣಕಗಳಲ್ಲಿ ಅದು ಸಾಧ್ಯ ಎಂದು ಥಾರ್ನ್‌ಟನ್ ತೋರಿಸಿಕೊಟ್ಟರು. 1992ರಲ್ಲಿ ‘ಫೌಂಡೇಷನ್ ಇಮೇಜಿಂಗ್’ ಎಂಬ ಸಂಸ್ಥೆ ಹುಟ್ಟಿತು. ಮರುವರ್ಷ ಬಂದ ಮೊದಲ ಚಿತ್ರಕ್ಕೇ ವಿಶೇಷ ದೃಶ್ಯಪರಿಣಾಮದ ಎಮ್ಮಿ ಪ್ರಶಸ್ತಿ ದೊರಕಿತು.

ಆ ಯಂತ್ರಗಳ ನಿಧಾನವನ್ನು ಇಂದಿನವರು ಊಹಿಸುವುದೂ ಕಷ್ಟ. ಒಂದು ಚೌಕಟ್ಟು ಬಿಡಿಸಲು ಅರ್ಧ ಗಂಟೆ ಹಿಡಿಯುತ್ತದೆ ಎಂದುಕೊಳ್ಳೋಣ. ಸೆಕೆಂಡಿಗೆ 24 ಚೌಕಟ್ಟಿನಂತೆ ಹತ್ತು ಸೆಕೆಂಡಿನ ದೃಶ್ಯಕ್ಕೆ 240 ಚೌಕಟ್ಟು. ಒಂದೇ ಯಂತ್ರವಾದರೆ ಹಗಲುರಾತ್ರಿ ಐದು ದಿನ. ಎಂಟು ಯಂತ್ರಗಳಿಗೆ ಹಂಚಿದರೆ ಹದಿನೈದು ಗಂಟೆ. ಅದು ಮುಗಿದ ಮೇಲೆ ಎಲ್ಲೋ ಒಂದು ದೀಪ ತಪ್ಪಾಗಿದೆ ಎಂದು ಗೊತ್ತಾದರೆ ಮತ್ತೆ ಮೊದಲಿನಿಂದ! ಹೀಗಾಗಿ ಸಂಜೆ ಕೆಲಸ ಹಚ್ಚಿ ಬೆಳಿಗ್ಗೆ ಬಂದು ನೋಡುವುದು ಈ ಕಸುಬಿನ ದಿನಚರಿಯಾಯಿತು.

ಊರು ಏಳುವ ಬಗೆ

ಗಣಕದಲ್ಲಿ ಗೋಡೆ ಎಬ್ಬಿಸುವುದು ಸುಲಭ, ಅದು ದೊಡ್ಡದೆಂದು ನಂಬಿಸುವುದು ಕಷ್ಟ. ಭೂಮಿಯ ಮೇಲೆ ದೂರದ ಬೆಟ್ಟ ಮಸುಕಾಗಿ ನೀಲಿಯಾಗಿ ಕಾಣುತ್ತದೆ. ಆ ಮಸುಕೇ ಕಣ್ಣಿಗೆ ದೂರವನ್ನು ಹೇಳುವ ಅಳತೆಗೋಲು. ಬಾಹ್ಯಾಕಾಶದಲ್ಲಿ ಗಾಳಿಯಿಲ್ಲ, ಮಸುಕೂ ಇಲ್ಲ. ಎಂಟು ಮೀಟರಿನ ಕೊಳವೆಗೂ ಎಂಟು ಕಿಲೋಮೀಟರಿನ ಕೊಳವೆಗೂ ನೋಟದಲ್ಲಿ ವ್ಯತ್ಯಾಸವೇ ಇರುವುದಿಲ್ಲ.

ಆದ್ದರಿಂದ ಗಾತ್ರವನ್ನು ಸಣ್ಣ ವಸ್ತುಗಳಿಂದ ಹೇಳಿಸಬೇಕಾಗುತ್ತದೆ. ಗೋಡೆಯ ಮೇಲೆ ಸಾಸಿವೆ ಚೆಲ್ಲಿದಂತೆ ಬೆಳಗುವ ಕಿಟಕಿಗಳು, ಪಕ್ಕದಲ್ಲಿ ಹಾದುಹೋಗುವ ನೌಕೆ, ಆ ನೌಕೆಗೂ ಚಿಕ್ಕದಾದ ದುರಸ್ತಿ ಕೆಲಸಗಾರರ ವಾಹನ. ಕೈಯಿಂದ ಮಾದರಿ ಮಾಡುವವರು ಟ್ಯಾಂಕು, ಹಡಗುಗಳ ಪ್ಲಾಸ್ಟಿಕ್ ಆಟಿಕೆಗಳ ಬಿಡಿಭಾಗಗಳನ್ನು ಅಂಟಿಸಿ ಇಂಥ ವಿವರ ತುಂಬುತ್ತಿದ್ದರು. ಗಣಕದಲ್ಲಿ ಕೊಳವೆ, ಪೆಟ್ಟಿಗೆ, ಏಣಿ, ತೂಬು ಇಂಥ ನಾಲ್ಕಾರು ತುಣುಕುಗಳನ್ನು ಒಮ್ಮೆ ಮಾಡಿಟ್ಟುಕೊಂಡು ಸಾವಿರ ಸಲ ನಕಲು ಮಾಡಬಹುದು. ಆದರೆ ನಕಲು ಮಾಡಿದ್ದು ಕಣ್ಣಿಗೆ ಹೊಳೆದರೆ ಊರು ಕೂಡಲೇ ಆಟಿಕೆಯಾಗುತ್ತದೆ. ತುಣುಕನ್ನು ತಿರುಗಿಸಬೇಕು, ಹಿಗ್ಗಿಸಬೇಕು, ಒಂದಕ್ಕೆ ತುಕ್ಕು, ಇನ್ನೊಂದಕ್ಕೆ ಮಸಿ ಹಚ್ಚಬೇಕು. ಹೊಸ ಊರಿನಲ್ಲೂ ಹಳೆಯ ಕಲೆ ಬೇಕು. ಕಲೆಯಿಲ್ಲದ ಗೋಡೆಯನ್ನು ಯಾರೂ ನಂಬರು.

ಎರಡನೆಯದು ಕಾರಣದ ಪ್ರಶ್ನೆ. ಬ್ಯಾಬಿಲಾನ್ 5ಕ್ಕೆ ನೌಕೆಗಳು ಎದುರಿನ ತುದಿಯಲ್ಲಿ, ಅಕ್ಷದ ನೇರಕ್ಕೆ ಇರುವ ಬಾಗಿಲಿನಿಂದ ಒಳಹೋಗುತ್ತವೆ. ತಿರುಗುವ ಊರಿನಲ್ಲಿ ಚಲನೆ ಅತಿ ಕಡಿಮೆ ಇರುವುದು ನಡುವಿನಲ್ಲೇ ಆದ್ದರಿಂದ ಬಂದರಿಗೆ ಸರಿಯಾದ ಜಾಗ ಅದೇ. ಹೊರ ಅಂಚಿಗೆ ಹೋದಂತೆ ಭಾರ ಹೆಚ್ಚು, ನಡುವಿಗೆ ಬಂದಂತೆ ಕಡಿಮೆ. ಊರನ್ನು ಕಾಯುವ ಸಣ್ಣ ಯುದ್ಧನೌಕೆಗಳನ್ನು ಹೊರಗೆ ಬಿಡಲು ವಿಶೇಷ ಯಂತ್ರ ಬೇಕಿಲ್ಲ. ಹಿಡಿತ ಬಿಟ್ಟರೆ ಊರಿನ ತಿರುಗುವಿಕೆಯೇ ಅವುಗಳನ್ನು ಕವಣೆಯ ಕಲ್ಲಿನಂತೆ ಎಸೆಯುತ್ತದೆ. ವಿದ್ಯುತ್ತಿನ ಕುಲುಮೆ ಜನವಸತಿಯಿಂದ ದೂರ, ಹಿಂದಿನ ತುದಿಯಲ್ಲಿದೆ. ಕಾಖೆ ಕಳೆಯಲು ಗಾಳಿಯೇ ಇಲ್ಲದ ಕಡೆ ಬಿಸಿಯನ್ನು ಹೊರಚೆಲ್ಲಲು ರೆಕ್ಕೆಯಂಥ ಹಲಗೆಗಳು ಬೇಕು, ಅವೂ ಇವೆ.

ನೋಡುಗರಲ್ಲಿ ಹೆಚ್ಚಿನವರು ಈ ಲೆಕ್ಕವನ್ನೆಲ್ಲ ಹಾಕಲಾರರು. ಆದರೂ ಕಾರಣವಿದ್ದು ಇಟ್ಟ ಬಾಗಿಲಿಗೂ ಅಂದಕ್ಕೆಂದು ಇಟ್ಟ ಬಾಗಿಲಿಗೂ ಇರುವ ಅಂತರ ಅವರ ಮನಸ್ಸಿಗೆ ತಟ್ಟುತ್ತದೆ. ಹಳ್ಳಿಯ ಹಳೆಯ ಮನೆಯಲ್ಲಿ ಬಾವಿ, ಹಿತ್ತಿಲು, ಕೊಟ್ಟಿಗೆ ಇರುವ ಜಾಗ ನೋಡಿದರೆ ಅಲ್ಲಿ ಜನ ಹೇಗೆ ಬದುಕಿದರೆಂದು ತಿಳಿಯುತ್ತದೆ. ಕಲ್ಪನೆಯ ಊರಿಗೂ ಆ ಮಾತು ಸಲ್ಲುತ್ತದೆ.

ಕೆಳಗೇರಿಯಿಲ್ಲದ ಊರುಂಟೆ?

ಹೊರಗೋಡೆ ಗಣಕದ್ದಾದರೂ ಒಳಗಿನ ಬೀದಿ, ಸಂತೆ, ಸಭಾಂಗಣಗಳು ಬಹುಪಾಲು ನಿಜವಾದ ಮರ ಮತ್ತು ಬಣ್ಣದವು. ಲಾಸ್ ಏಂಜಲೀಸ್ ಬಳಿಯ ಸನ್ ವ್ಯಾಲಿಯಲ್ಲಿ ಗೋದಾಮಿನಂಥ ಕಟ್ಟಡವೊಂದರಲ್ಲಿ ಕಲಾನಿರ್ದೇಶಕ ಜಾನ್ ಇಯಾಕೊವೆಲಿ ಅವುಗಳನ್ನು ರೂಪಿಸಿದರು. ಊರಿನ ಭಾಗಗಳಿಗೆ ನೀಲಿ, ಕೆಂಪು, ಹಸಿರು, ಕಂದು, ಬೂದು ಎಂದು ಬಣ್ಣದ ಹೆಸರು. ಆಡಳಿತ ಒಂದು ಬಣ್ಣದ್ದು, ಅಂಗಡಿ ಸಾಲು ಇನ್ನೊಂದರದು, ರಾಯಭಾರಿಗಳ ಬಿಡಾರ ಮತ್ತೊಂದರದು. ಕೋಣೆ ಚಿಕ್ಕದಾದರೂ ಗೋಡೆಯ ಮೇಲೆ ಬಣ್ಣದ ಪಟ್ಟಿ ಬದಲಾದರೆ ನೋಡುಗ ಬೇರೆ ಪೇಟೆಗೆ ಬಂದನೆಂದು ತಿಳಿಯುತ್ತಾನೆ.

ಈ ನಕ್ಷೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಜಾಗ ‘ಡೌನ್‌ಬಿಲೋ’ ಎಂಬ ಕೆಳಗೇರಿ. ಕೆಲಸ ಹುಡುಕಿಕೊಂಡು ಊರಿಗೆ ಬಂದು, ಕೆಲಸ ಸಿಗದೆ, ಹಿಂದಿರುಗುವ ಟಿಕೆಟ್ಟಿಗೂ ಕಾಸಿಲ್ಲದೆ ಉಳಿದುಹೋದವರು ಪೂರ್ತಿಗೊಳ್ಳದ ಆ ಭಾಗದಲ್ಲಿ ಬಿಡಾರ ಹೂಡಿದ್ದಾರೆ. ನಾಸಾದ ವರ್ಣಚಿತ್ರಗಳಲ್ಲಿ ಹುಲ್ಲುಹಾಸು, ಹೊಳೆ, ನಗುವ ಸಂಸಾರಗಳಿದ್ದವು; ಕೂಲಿಯವರ ಗುಡಿಸಲು ಇರಲಿಲ್ಲ. ‘ಮೆಟ್ರೊಪೊಲಿಸ್’ ಕಟ್ಟಿದವರು 1927ರಲ್ಲೇ ಅದನ್ನು ಮರೆತಿರಲಿಲ್ಲ. ಮೇಲಿನ ಗೋಪುರವನ್ನು ಎತ್ತಿ ಹಿಡಿದ ಕೈಗಳು ಎಲ್ಲಿ ಮಲಗುತ್ತವೆ ಎಂಬುದನ್ನೂ ನಕ್ಷೆಯಲ್ಲಿ ಬರೆದಾಗಲೇ ನೆಲೆ ಊರಾಗುವುದು. ಬ್ಯಾಬಿಲಾನ್ 5ನ್ನು ಜನ ನಂಬಿದ್ದಕ್ಕೆ ಗಣಕದಷ್ಟೇ ಈ ಕೆಳಗೇರಿಯೂ ಕಾರಣ.

ಬಿತ್ತಿ ಬೆಳೆಸಿದ ಬೀದಿಗಳು

ಮುಂದಿನ ದಿನಗಳಲ್ಲಿ ಈ ವಿದ್ಯೆ ಬೇಗ ಬೆಳೆಯಿತು. ಒಂದೊಂದೇ ಕಟ್ಟಡ ಕಟ್ಟುವ ಬದಲು ನಿಯಮ ಬರೆದು ಊರನ್ನು ಬೆಳೆಸುವ ಕ್ರಮ ಬಂತು. ಇದರ ಬೇರು ಸಸ್ಯವಿಜ್ಞಾನದಲ್ಲಿದೆ. 1968ರಲ್ಲಿ ಅರಿಸ್ಟಿಡ್ ಲಿಂಡನ್‌ಮೇಯರ್ ಎಂಬ ಜೀವವಿಜ್ಞಾನಿ ಗಿಡ ಕವಲೊಡೆಯುವ ರೀತಿಯನ್ನು ವ್ಯಾಕರಣ ಸೂತ್ರಗಳಂತೆ ಬರೆದಿದ್ದರು. ‘ಈ ಚಿಹ್ನೆ ಬಂದಲ್ಲಿ ಆ ಎರಡು ಚಿಹ್ನೆ ಇಡು’ ಎಂಬಂಥ ಸಣ್ಣ ನಿಯಮವನ್ನು ಮತ್ತೆ ಮತ್ತೆ ಅನ್ವಯಿಸಿದರೆ ಇಡೀ ಗಿಡವೇ ಮೂಡುತ್ತದೆ. 2001ರಲ್ಲಿ ಯೋಆವ್ ಪ್ಯಾರಿಷ್ ಮತ್ತು ಪಾಸ್ಕಲ್ ಮ್ಯೂಲರ್ ಅದೇ ಸೂತ್ರವನ್ನು ರಸ್ತೆಗಳಿಗೆ ಅನ್ವಯಿಸಿದರು. ಹೆದ್ದಾರಿಯಿಂದ ಬೀದಿ ಕವಲೊಡೆದು, ಬೀದಿಯ ನಡುವೆ ನಿವೇಶನ ಹರಿದು, ನಿವೇಶನದಲ್ಲಿ ಮನೆ ಏಳುತ್ತದೆ.

2013ರ ‘ಎಲಿಸಿಯಂ’ ಚಿತ್ರದಲ್ಲಿ ನಾಸಾದ ಬಳೆಯಾಕಾರದ ಊರು ಶ್ರೀಮಂತರ ಬಡಾವಣೆಯಾಗಿ ಮರುಹುಟ್ಟು ಪಡೆಯಿತು. 2014ರ ‘ಇಂಟರ್‌ಸ್ಟೆಲ್ಲರ್’ ಚಿತ್ರದ ಕೊನೆಗೆ ಓನೀಲರ ಕೊಳವೆಯೊಳಗೆ ಹುಡುಗರು ಬೇಸ್‌ಬಾಲ್ ಆಡುತ್ತಾರೆ. ಅವರ ತಲೆಯ ಮೇಲೆ ಹೊಲ, ಮನೆಗಳು. 2002ರಿಂದ ‘ಬ್ಲೆಂಡರ್’ ಎಂಬ ತಂತ್ರಾಂಶ ಎಲ್ಲರಿಗೂ ಉಚಿತವಾಗಿ ಸಿಗುತ್ತಿರುವುದರಿಂದ ಇಂದು ಕಾಲೇಜು ವಿದ್ಯಾರ್ಥಿಯೊಬ್ಬ ತನ್ನ ಕೋಣೆಯಲ್ಲಿ ಕೂತು ಥಾರ್ನ್‌ಟನ್ ತಂಡಕ್ಕಿಂತ ದೊಡ್ಡ ಊರನ್ನು ಕಟ್ಟಬಲ್ಲ.

ಕುತೂಹಲದ ಸಂಗತಿ ಎಂದರೆ ಕೈಯ ಕೆಲಸ ಪೂರ್ತಿ ಅಳಿದಿಲ್ಲ. 2017ರ ‘ಬ್ಲೇಡ್ ರನ್ನರ್ 2049’ ಚಿತ್ರಕ್ಕಾಗಿ ನ್ಯೂಜಿಲೆಂಡಿನ ವೇಟಾ ಕಾರ್ಯಾಗಾರದವರು ಮತ್ತೆ ಕಟ್ಟಡಗಳ ಮಾದರಿಗಳನ್ನು ಕೈಯಿಂದ ಕಟ್ಟಿದರು. ಗಣಕದ ನಗರ ಅದರೊಂದಿಗೆ ಬೆರೆಯಿತು.

ಕಳೆದುಹೋದ ಊರು

ಇನ್ನು ವಿಷಾದದ ಭಾಗ. ಬ್ಯಾಬಿಲಾನ್ 5 ಧಾರಾವಾಹಿ 1998ರ ನವೆಂಬರಿನಲ್ಲಿ ಮುಗಿಯಿತು. ನಟರ ದೃಶ್ಯಗಳನ್ನು ಫಿಲ್ಮಿನ ಮೇಲೆ, ಮುಂದೆ ಅಗಲದ ಪರದೆ ಬಂದರೂ ಹೊಂದುವಂತೆ ತೆಗೆದಿದ್ದರು. ಆದರೆ ಗಣಕದ ದೃಶ್ಯಗಳನ್ನು ಆಗಿನ ಟೆಲಿವಿಷನ್ನಿನ ಅಳತೆಗೆ, ಆಗಿನ ಸ್ಪಷ್ಟತೆಗೆ ಮಾತ್ರ ಮಾಡಿದ್ದರು. ಅಗತ್ಯ ಬಿದ್ದಾಗ ಅದೇ ಅಂಕೆಗಳಿಂದ ಹೊಸದಾಗಿ ಚಿತ್ರ ಬಿಡಿಸಬಹುದು ಎಂಬ ಭರವಸೆ ತಪ್ಪೇನೂ ಆಗಿರಲಿಲ್ಲ. ಅಂಕೆಗಳು ಸವೆಯುವುದಿಲ್ಲವಲ್ಲ!

ಅಂಕೆಗಳು ಸವೆಯಲಿಲ್ಲ, ಕಾಣೆಯಾದವು. ಮೂಲ ಕಡತಗಳನ್ನು ಯಾರೂ ಒಂದು ಕಡೆ ಕ್ರಮವಾಗಿ ಕಾಪಿಡಲಿಲ್ಲ. ಅಮಿಗಾ ತಯಾರಿಸುತ್ತಿದ್ದ ಕಮೊಡೋರ್ 1994ರಲ್ಲೇ ದಿವಾಳಿಯಾಗಿತ್ತು. ಮೊದಲ ಮೂರು ವರ್ಷ ದುಡಿದ ಫೌಂಡೇಷನ್ ಇಮೇಜಿಂಗ್ ಆಗಲಿ, ಆಮೇಲೆ ಕೆಲಸ ವಹಿಸಿಕೊಂಡ ನೆಟರ್ ಡಿಜಿಟಲ್ ಆಗಲಿ ಉಳಿಯಲಿಲ್ಲ. ಕೆಲವು ಕಲಾವಿದರ ಬಳಿ ಇದ್ದ ಬಿಡಿ ಪ್ರತಿಗಳಷ್ಟೇ ಉಳಿದವು. 2002ರಿಂದ ಡಿವಿಡಿ ಬಂದಾಗ ಅಗಲ ಪರದೆಗೆ ಹೊಂದಿಸಲು ಗಣಕದ ದೃಶ್ಯಗಳ ಮೇಲುಕೆಳಗನ್ನು ಕತ್ತರಿಸಿ ಹಿಗ್ಗಿಸಬೇಕಾಯಿತು. ನಟರ ಮುಖ ತಿಳಿಯಾಗಿ ಕಂಡರೆ ಊರು ಮಬ್ಬಾಗಿ ಕಂಡಿತು. 2021ರಲ್ಲಿ ಬಂದ ಪರಿಷ್ಕೃತ ಆವೃತ್ತಿಯಲ್ಲಿ ಹಳೆಯ ಅಳತೆಗೇ ಮರಳಿ, ಇದ್ದ ಚಿತ್ರಗಳನ್ನೇ ಉಜ್ಜಿ ಹೊಳಪಿಸಲಾಯಿತು. ಹೊಸದಾಗಿ ಬಿಡಿಸಲು ಊರೇ ಇರಲಿಲ್ಲ. ಥಾರ್ನ್‌ಟನ್ 2016ರಲ್ಲಿ ತೀರಿಕೊಂಡರು.

ಇದಕ್ಕೆ ಎದುರಾಗಿ ಕೈಯಿಂದ ಮಾಡಿದವುಗಳ ಗತಿ ನೋಡಬಹುದು. 1964ರಲ್ಲಿ ‘ಸ್ಟಾರ್ ಟ್ರೆಕ್’ ಧಾರಾವಾಹಿಗೆಂದು ಬಹುಪಾಲು ಮರದಿಂದ ಮಾಡಿದ 11 ಅಡಿ ಉದ್ದದ ‘ಎಂಟರ್‌ಪ್ರೈಸ್’ ನೌಕೆಯ ಮಾದರಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ. 2016ರಲ್ಲಿ ಅದನ್ನು ದುರಸ್ತಿ ಮಾಡಿ ಪ್ರದರ್ಶನಕ್ಕಿಟ್ಟರು. ‘ಮೆಟ್ರೊಪೊಲಿಸ್’ ಚಿತ್ರವನ್ನು ತೆರೆಕಂಡ ವರ್ಷವೇ ಕತ್ತರಿಸಿ ಮೊಟಕು ಮಾಡಿದ್ದರು. ಕತ್ತರಿಸಿದ ಭಾಗ ಎಂಬತ್ತು ವರ್ಷ ಯಾರಿಗೂ ಸಿಗಲಿಲ್ಲ. 2008ರಲ್ಲಿ ಅರ್ಜೆಂಟೀನಾದ ಬ್ಯೂನೊಸ್ ಐರಿಸ್ ನಗರದ ಸಿನಿಮಾ ಸಂಗ್ರಹಾಲಯದಲ್ಲಿ ಹೆಚ್ಚುಕಡಿಮೆ ಪೂರ್ಣವಾದ ಒಂದು ಪ್ರತಿ ಪತ್ತೆಯಾಯಿತು. ಗೀರುಬಿದ್ದ, ಸವೆದ ಪ್ರತಿ. ಆದರೂ ನೆಗೆಟಿವ್ ಹಿಡಿದು ಬೆಳಕಿಗೆ ಒಡ್ಡಿದರೆ ಅದು ಏನೆಂದು ಯಾರಿಗಾದರೂ ತಿಳಿಯುತ್ತಿತ್ತು. ಓದುವ ಯಂತ್ರವಿಲ್ಲದ ಡಿಸ್ಕನ್ನು ಬೆಳಕಿಗೆ ಹಿಡಿದರೆ ಏನೂ ಕಾಣದು.

ಹಾಗಾದರೆ ಅಂಕೆ ಉಳಿಯುವುದೇ ಇಲ್ಲವೆ? ನ್ಯೂವೆಲ್ಲರ ಚಹಾ ಕುಡಿಕೆ ಉಳಿದಿದೆ. ಮಡಿಕೆಯಾಗಿ ಅದು ಕ್ಯಾಲಿಫೋರ್ನಿಯಾದ ಗಣಕ ಇತಿಹಾಸ ಸಂಗ್ರಹಾಲಯದಲ್ಲಿದ್ದರೆ, ಅಂಕೆಗಳಾಗಿ ಜಗತ್ತಿನ ಅಸಂಖ್ಯ ಗಣಕಗಳಲ್ಲಿದೆ. ನಾಸಾದ ವರ್ಣಚಿತ್ರಗಳೂ ಉಳಿದಿವೆ, ಏಕೆಂದರೆ ಯಾರು ಬೇಕಾದರೂ ಅಚ್ಚು ಹಾಕಬಹುದಾಗಿತ್ತು. ಹಂಚಿದ್ದು ಉಳಿಯಿತು, ಬೀಗ ಹಾಕಿ ಇಟ್ಟದ್ದು ಬೀಗದ ಕೈಯೊಂದಿಗೆ ಹೋಯಿತು.

ಕನ್ನಡಿಗರಿಗೆ ಈ ಮಾತು ಹೊಸದಲ್ಲ. ತಾಳೆಗರಿ ಗೆದ್ದಲಿಗೂ ತೇವಕ್ಕೂ ತುತ್ತಾಗುವ ವಸ್ತು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬ ಕೀರ್ತಿಗೆ ಪಾತ್ರಳಾಗಿದ್ದಾಳೆ. ಒಂದು ಗರಿ ಗಟ್ಟಿಯಾಗಿತ್ತೆಂದು ಕಾವ್ಯ ಉಳಿಯಲಿಲ್ಲ. ಪ್ರತಿಯಿಂದ ಪ್ರತಿಗೆ ಅದನ್ನು ದಾಟಿಸುವ ಕೈಗಳಿದ್ದವು.

ಆ ಕೈಗಳ ಪ್ರಶ್ನೆ ದೂರದ ಹಾಲಿವುಡ್ಡಿಗೆ ಮಾತ್ರ ಸೇರಿದ್ದಲ್ಲ. 2016ರ ‘ದಿ ಜಂಗಲ್ ಬುಕ್’ ಚಿತ್ರದ ಕಾಡನ್ನು ಗಣಕದಲ್ಲಿ ಬೆಳೆಸಿದ ಕಲಾವಿದರಲ್ಲಿ ಅನೇಕರು ಬೆಂಗಳೂರಿನಲ್ಲಿ ಕೂತು ದುಡಿದವರು. ಅವರಿಗೆ ಕೆಲಸ ಕೊಟ್ಟಿದ್ದ ಟೆಕ್ನಿಕಲರ್ ಸಮೂಹ 2025ರ ಫೆಬ್ರುವರಿಯಲ್ಲಿ ಕುಸಿದಾಗ ಬೆಂಗಳೂರಿನ ಕೆಲಸವೂ ನಿಂತಿತು. ಇಂಥ ಹೊತ್ತಿನಲ್ಲಿ ಜನ ಚದುರುತ್ತಾರೆ, ಯಂತ್ರಗಳು ಹರಾಜಾಗುತ್ತವೆ, ಕಡತಗಳನ್ನು ಮಾತ್ರ ಯಾರೂ ಕೇಳುವುದಿಲ್ಲ.

ಬ್ಯಾಬಿಲಾನ್ 5ರ ಅಭಿಮಾನಿಗಳು ಧಾರಾವಾಹಿಯ ಚಿತ್ರಗಳನ್ನೇ ಅಳೆದು, ಕಿಟಕಿ ಕಿಟಕಿ ಎಣಿಸಿ ಆ ಊರನ್ನು ತಮ್ಮ ಗಣಕಗಳಲ್ಲಿ ಮತ್ತೆ ಕಟ್ಟಿದ್ದಾರೆ. ಕಟ್ಟಿದ ಕಡತವನ್ನು ತಮ್ಮಲ್ಲೇ ಇಟ್ಟುಕೊಳ್ಳದೆ ಬೇಕೆಂದವರಿಗೆ ಕೊಟ್ಟವರೂ ಅವರಲ್ಲಿದ್ದಾರೆ. ಮೂಲದ ಅಂಕೆಗಳು ಇನ್ನು ಸಿಗಲಿಕ್ಕಿಲ್ಲ. ಆದರೆ ಈ ಬಾರಿ ಊರಿನ ಪ್ರತಿಗಳು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿವೆ.